ಹಾಲಿನ ಲೋಟದಲ್ಲಿ ಅಭಿಮಾನದ ಅಳತೆ

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ನೆಂಟರೊಬ್ಬರು ಕೋಸಗಿಯ ನಮ್ಮ ಮನೆಗೆ ಬಂದಿದ್ದರು. ವಯಸ್ಸಿನಲ್ಲಿ ಹಿರಿಯರು, ಸಂಬಂಧದಲ್ಲಿ ನನಗೆ ಮಾವ. ಚಹಾದ ಮೊದಲ ಗುಟುಕಿಗೇ "ಯಾವ ಹಾಲಪ್ಪಾ ಇದು?" ಎಂದರು. "ಹಿಂದಿನ ಓಣಿ ಎಮ್ಮೀದು ಮಾವ" ಎಂದೆ. "ಎಮ್ಮೆ ಹಾಲು ಕುಡಿದರೆ ಬುದ್ಧಿ ಮಂದವಾಗುತ್ತೆ. ಗಡಿನಾಡಿನ ಕನ್ನಡಿಗರಾಗಿ ನೀವು ನಂದಿನಿ ತರಿಸಬಾರದೇ?" ಎಂದು ಕೇಳಿದರು. ಅಷ್ಟರಲ್ಲಿ ನನ್ನ ಮಗಳು ಸೋಯಾ ಹಾಲಿನ ಲೋಟ ಹಿಡಿದು ಬಂದಳು. "ಅದು ಹಾಲೇ ಅಲ್ಲ" ಎಂಬ ಮೂರನೆಯ ತೀರ್ಪೂ ಹೊರಬಿತ್ತು.

ಮನೆಗೆ ಬಂದ ಹಿರಿಯರೊಡನೆ ವಾದಿಸುವುದು ನಮ್ಮ ಪದ್ಧತಿಯಲ್ಲ. ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನ ಬಂಧುಗಳೇ, ನಿಮ್ಮ ಮನೆಗಳಿಗೂ ಇಂಥ ಮಾವಂದಿರು ಬಂದು ಹೋಗಿರಬೇಕು.

ಮೊದಲು ಎಮ್ಮೆಯ ವಿಷಯ. ಆಕಳ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕರ ಆಸುಪಾಸು, ಎಮ್ಮೆಯದರಲ್ಲಿ ಆರೇಳು. ಅದು ಗಟ್ಟಿ, ಇದು ಹಗುರ. ವ್ಯತ್ಯಾಸವಿರುವುದು ಹೊಟ್ಟೆಗೆ, ತಲೆಗಲ್ಲ. ಎಮ್ಮೆಯ ಹಾಲನ್ನು ಪುಡಿ ಮಾಡಲಾಗದು ಎಂದು ಹೊರದೇಶದ ಪಂಡಿತರು ಹೇಳುತ್ತಿದ್ದಾಗ ಅದನ್ನು 1955ರಲ್ಲಿ ಆಣಂದದ ಕಾರ್ಖಾನೆಯಲ್ಲಿ ಮಾಡಿ ತೋರಿಸಿದವರು ಎಚ್. ಎಂ. ದಲಾಯಾ. ಎಮ್ಮೆ ಹಾಲಿನಿಂದಲೇ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ್ದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಆ ಡಬ್ಬಿಯ ಹಾಲುಂಡು ಬೆಳೆದ ಎಷ್ಟೋ ಮಕ್ಕಳು ಮುಂದೆ ಎಂಜಿನಿಯರುಗಳಾದರು. ಅವರ ಬುದ್ಧಿಯ ಬಗ್ಗೆ ಮಾವನವರಿಗೆ ಯಾವ ಅನುಮಾನವೂ ಇದ್ದಂತಿಲ್ಲ. ಆಕಳ ಹಾಲೇ ರುಚಿ ಎನ್ನುವವರು ಅದನ್ನೇ ಕುಡಿಯಲಿ, ನನ್ನ ತಕರಾರಿಲ್ಲ. ತಮ್ಮ ನಾಲಿಗೆಯ ರುಚಿಯನ್ನು ಪಕ್ಕದವನ ಬುದ್ಧಿಯ ಅಳತೆಗೋಲು ಮಾಡಬಾರದು, ಅಷ್ಟೇ.

ಇನ್ನು ನಂದಿನಿ. ನನಗೆ ಅದರ ಮೇಲೆ ಪ್ರೀತಿಯಿದೆ. ರಾಯಚೂರಿಗೆ ಹೋದಾಗ ಅದರ ಪೇಡೆ ಕಟ್ಟಿಸಿಕೊಳ್ಳದೆ ರೈಲು ಹತ್ತುವುದಿಲ್ಲ. ಆದರೆ ಅದು ರೈತರ ಸಹಕಾರ ಸಂಘದ ಹಾಲು, ಕನ್ನಡತನದ ಪ್ರಮಾಣಪತ್ರವಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ತಾಜಾ ಹಾಲು ತರುತ್ತೇನೆಂದಾಗ 'ನಂದಿನಿ ಉಳಿಸಿ' ಎಂಬ ಕೂಗೆದ್ದಿತು. ಅದೇ ವರ್ಷ ಕೇರಳದಲ್ಲಿ ನಂದಿನಿ ಮಳಿಗೆಗಳು ತೆರೆದಾಗ ಮಿಲ್ಮಾ ಆಕ್ಷೇಪಿಸಿತು. ಅಲ್ಲಿ ನಾವು ಮನೆಯವರು, ಇಲ್ಲಿ ಹೊರಗಿನವರು. ಕೂಗು ಮಾತ್ರ ಒಂದೇ. ತನ್ನಲ್ಲಿ ಹಾಲು ಸಾಲದಾದಾಗ ಇದೇ ಮಿಲ್ಮಾ ಕರ್ನಾಟಕದ ಹಾಲನ್ನು ತರಿಸಿಕೊಂಡಿದೆ. ಆ ಹಾಲು ಕುಡಿದ ಮಲಯಾಳಿಯೇನೂ ಕನ್ನಡಿಗನಾಗಲಿಲ್ಲ. ಹಾಗಿರುವಾಗ ಮಿಲ್ಮಾ ಕೊಳ್ಳುವ ಮಂಜೇಶ್ವರದ ಕನ್ನಡಿಗನೂ, ಓಣಿಯ ಎಮ್ಮೆಯನ್ನು ನಂಬಿದ ಕೋಸಗಿಯ ಕನ್ನಡಿಗನೂ ಯಾವ ನ್ಯಾಯದಿಂದ ಅಭಿಮಾನಶೂನ್ಯರಾಗುತ್ತಾರೆ? ಆ ಎಮ್ಮೆಯನ್ನು ಸಾಕಿದ ಅಮ್ಮ ಮನೆಯಲ್ಲಿ ಆಡುವುದು ಕನ್ನಡ. ನಾನು ಕೊಡುವ ಹಾಲಿನ ದುಡ್ಡು ಅವಳ ಸಂಸಾರಕ್ಕೆ ಸೇರುತ್ತದೆ.

ಹಾಗಾದರೆ ಹಾಲು ಮೊಸರಿನಲ್ಲಿ ನುಡಿಯ ಪ್ರಶ್ನೆಯೇ ಇಲ್ಲವೇ? ಇದೆ. 2023ರ ಮಾರ್ಚ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ನಂದಿನಿ ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಮುದ್ರಿಸಿ, 'ಮೊಸರು' ಎಂಬುದನ್ನು ಕಂಸದೊಳಗೆ ಹಾಕಿ ಎಂದಿತು. ಕನ್ನಡಿಗರೂ ತಮಿಳರೂ ಪ್ರತಿಭಟಿಸಿದ ಮೇಲೆ ಅದೇ ತಿಂಗಳ 30ರಂದು ಹಿಂದೆ ಸರಿಯಿತು. ಅದು ನ್ಯಾಯವಾದ ಜಗಳ. ನಾನು ಉಣ್ಣುವುದನ್ನು ನನ್ನ ನುಡಿಯಲ್ಲಿ ಹೆಸರಿಸುವುದು ನನ್ನ ಹಕ್ಕು. ನಾನು ಏನನ್ನು ಉಣ್ಣಬೇಕೆಂದು ನನ್ನ ನುಡಿಯ ಹೆಸರಿನಲ್ಲಿ ಇನ್ನೊಬ್ಬರು ಆಜ್ಞಾಪಿಸುವುದು ಅವರ ಹಕ್ಕಲ್ಲ. ಇವೆರಡನ್ನೂ ಕಲಸಿಬಿಟ್ಟರೆ ನ್ಯಾಯದ ಜಗಳಕ್ಕೂ ಬೆಲೆ ಉಳಿಯುವುದಿಲ್ಲ.

ಮೂರನೆಯ ತೀರ್ಪು ನನ್ನ ಮಗಳಿಗೆ ಸಂಬಂಧಿಸಿದ್ದು. ಅದು ನನಗೆ ನೋವು ತಂದದ್ದು. ಹಾಲು ಕುಡಿದರೆ ಆಕೆಗೆ ಹೊಟ್ಟೆ ಉಬ್ಬರ, ನುಲಿತ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಅನೇಕರಲ್ಲಿ ಮೊಲೆಹಾಲು ಬಿಟ್ಟ ಮೇಲೆ ಕಡಿಮೆಯಾಗುತ್ತದೆ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೆಯೇ. ಮೊಸರಾಗುವಾಗ ಆ ಸಕ್ಕರೆಯ ಒಂದಂಶ ಹುಳಿಯಾಗಿ ಮಾರ್ಪಡುವುದರಿಂದ ಮಜ್ಜಿಗೆ ಆಕೆಗೆ ಒಗ್ಗುತ್ತದೆ. ಇದು ಗೊತ್ತಾಗುವ ತನಕ ನಾವೂ ಗದರಿಸಿ ಕುಡಿಸಿದವರೇ. ಮದುವೆಮನೆಗಳಲ್ಲಿ "ಹಾಲು ಒಲ್ಲೆಂಬ ಹುಡುಗಿ" ಎಂದು ನಗುವವರ ಮುಂದೆ ಆಕೆ ತಲೆ ತಗ್ಗಿಸಿದ್ದನ್ನು ಕಂಡಿದ್ದೇನೆ. ಸೋಯಾದ್ದು ಹಾಲಲ್ಲ ಎಂದು ಕಾನೂನು ಹೇಳಲಿ. ಯೂರೋಪಿನ ನ್ಯಾಯಾಲಯವೂ 2017ರಲ್ಲಿ ಹಾಗೆಯೇ ಹೇಳಿದೆ. ಕೊಳ್ಳುವವರು ಮೋಸಹೋಗಬಾರದೆಂಬುದು ಸರಿಯೇ. ಆದರೆ ನಮ್ಮ ಅಜ್ಜಿಯರು ಕಾಯಿಹಾಲು, ರಾಗಿಹಾಲು ಎಂದಾಗ ಯಾರೂ ಮೋಸಹೋಗಲಿಲ್ಲ. ಮಲಯಾಳದ ನೆರೆಯವರು ತೇಂಙಾಪ್ಪಾಲ್ ಎನ್ನುತ್ತಾರೆ. ಹಳಗನ್ನಡದಲ್ಲಿ ನಮ್ಮದೂ 'ಪಾಲ್' ಎಂದೇ ಇತ್ತು. ಪಕಾರ ಹಕಾರವಾಗಿ 'ಹಾಲು' ಆಯಿತು. ಇಷ್ಟು ಉದಾರವಾದ ಮಾತನ್ನು ಒಂದು ಮಗುವನ್ನು ಹೀಯಾಳಿಸಲು ಬಳಸುವುದು ಯಾವ ಅಭಿಮಾನ?

ಕೊನೆಗೊಂದು ಮಾತು. ಆದೋನಿ ಸೀಮೆ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದಿನಿಂದ ನಮ್ಮ ನುಡಿ ಉಳಿದದ್ದು ಅಡುಗೆಮನೆಯ ಮಾತಿನಿಂದ, ಕನ್ನಡ ಶಾಲೆಯ ಬೆಂಚಿನಿಂದ. ಮಾವನವರ ಜೊತೆ ಬಂದ ಮೊಮ್ಮಗ ನಮ್ಮ ಮನೆಯ ಕನ್ನಡ ಕ್ಯಾಲೆಂಡರಿನಲ್ಲಿ ವಾರದ ಹೆಸರು ಓದಲಾರದೆ ನನ್ನ ಮಗಳನ್ನು ಕೇಳಿದ. ಆಕೆ ಓದಿ ಹೇಳಿದಳು. ಇದನ್ನು ಬರೆಯುವಾಗ ನನಗೂ ನಾಚಿಕೆಯಿದೆ: ಏಳನೆಯ ತರಗತಿ ಮುಗಿದ ಮೇಲೆ ಆಕೆಯನ್ನೂ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವನು ನಾನೇ. ಅಭಿಮಾನದ ಲೆಕ್ಕ ಕೇಳುವುದಾದರೆ ನನ್ನನ್ನು ಅಲ್ಲಿ ಕೇಳಿ, ಉತ್ತರಿಸಲು ತಡವರಿಸುತ್ತೇನೆ. ಹಾಲಿನ ಲೆಕ್ಕ ಮಾತ್ರ ಕೇಳಬೇಡಿ. ಅದನ್ನು ನಾನು ಎಮ್ಮೆಯ ಅಮ್ಮನಿಗೆ ತಿಂಗಳ ಮೊದಲ ವಾರದಲ್ಲೇ ಚುಕ್ತಾ ಮಾಡುತ್ತೇನೆ.