ಕೂದಲೆಳೆಯಲ್ಲಿ ತಪ್ಪುವ ಶ್ರುತಿ

1969ರ ಆಗಸ್ಟ್ 18ರ ಬೆಳಿಗ್ಗೆ. ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬಲ್ಲಿ, ಹೈನುಗಾರನೊಬ್ಬನ ಹೊಲದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವ ಮುಗಿಯುವ ಹೊತ್ತು. ಜಿಮಿ ಹೆಂಡ್ರಿಕ್ಸ್ ತನ್ನ ಬಿಳಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸತೊಡಗಿದ. ನಡುನಡುವೆ ಅವನ ಕೈ ಗಿಟಾರಿಗೆ ಸಿಕ್ಕಿಸಿದ್ದ ಸಣ್ಣ ಲೋಹದ ಕಡ್ಡಿಯೊಂದನ್ನು ಒತ್ತುತ್ತಿತ್ತು. ಒತ್ತಿದೊಡನೆ ಸ್ವರಗಳು ವಿಮಾನದಿಂದ ಬೀಳುವ ಬಾಂಬಿನಂತೆ ಚೀರುತ್ತ ಕೆಳಗಿಳಿಯುತ್ತಿದ್ದವು. ವಿಯೆಟ್ನಾಂ ಯುದ್ಧದ ಆ ದಿನಗಳಲ್ಲಿ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಂಡ್ರಿಕ್ಸನ ಕಛೇರಿಗಳ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿದವರಿಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಹಾಡು ಹಾಡಿನ ನಡುವೆ ಅವನು ಬಿರಡೆ ತಿರುಗಿಸಿ ಶ್ರುತಿ ಸರಿಮಾಡಿಕೊಳ್ಳುತ್ತಲೇ ಇರುತ್ತಾನೆ. ಸ್ವರವನ್ನು ಆಳಕ್ಕೆ ಇಳಿಸಬಲ್ಲ ಆ ಕಡ್ಡಿಗೆ ಅದನ್ನು ಹೊರಟಲ್ಲಿಗೇ ವಾಪಸು ತರುವುದು ಮಾತ್ರ ಕಷ್ಟ. ಇಂದಿಗೂ ಈ ಬಗೆಯ ಗಿಟಾರ್ ಕೊಂಡ ಹೊಸಬರ ಮೊದಲ ದೂರು ಇದೇ: ‘ಕಡ್ಡಿ ಮುಟ್ಟಿದರೆ ಶ್ರುತಿ ಹೋಗುತ್ತದೆ’. ತಪ್ಪು ಯಾರದು?

ಈ ಯಂತ್ರವನ್ನು ರೂಪಿಸಿದವನು ಕ್ಯಾಲಿಫೋರ್ನಿಯದ ಲಿಯೋ ಫೆಂಡರ್. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ತಂತಿಯನ್ನು ಕಡ್ಡಿಯಿಂದ ಸಡಿಲಿಸುವ ಸಾಧನಗಳು ಅವನಿಗಿಂತ ಮೊದಲೇ ಇದ್ದವು. ಪಾಲ್ ಬಿಗ್ಸ್‌ಬಿ ಎಂಬಾತನದು ಹೆಸರುವಾಸಿಯಾಗಿತ್ತು. ಅವುಗಳಲ್ಲಿ ತಂತಿಯ ತುದಿ ಹಿಡಿದ ಭಾಗ ಬೇರೆ, ತಂತಿಯನ್ನು ಹೊತ್ತ ಕುದುರೆ ಬೇರೆ. ಹೌದು, ವೀಣೆಯವರು ಕುದುರೆ ಎನ್ನುವುದನ್ನೇ ಗಿಟಾರಿನವರು ಬ್ರಿಡ್ಜ್ ಎನ್ನುತ್ತಾರೆ. ಫೆಂಡರ್ ಎರಡನ್ನೂ ಕೂಡಿಸಿ, ಕುದುರೆಯೇ ಮುಂದಕ್ಕೆ ಬಾಗುವಂತೆ ಮಾಡಿದ. 1954ರಲ್ಲಿ ಸ್ಟ್ರಾಟೊಕ್ಯಾಸ್ಟರಿನೊಂದಿಗೆ ಅದು ಮಾರುಕಟ್ಟೆಗೆ ಬಂತು. 1956ರಲ್ಲಿ ಪೇಟೆಂಟ್ ದೊರೆಯಿತು.

ಅದಕ್ಕೆ ಅವನಿಟ್ಟ ಹೆಸರು ‘ಟ್ರೆಮೊಲೊ’. ಹೆಸರೇ ತಪ್ಪು. ಟ್ರೆಮೊಲೊ ಎಂದರೆ ಸ್ವರದ ಗಟ್ಟಿತನ ಏರಿಳಿಯುವುದು; ಸ್ವರಸ್ಥಾನವೇ ಏರಿಳಿದರೆ ಅದು ವೈಬ್ರಾಟೊ. ನಮ್ಮ ಕಂಪಿತ ಗಮಕ ಈ ಎರಡನೆಯ ಜಾತಿಗೆ ಹತ್ತಿರದ್ದು. ಫೆಂಡರನ ಕಡ್ಡಿ ಮಾಡುವುದು ವೈಬ್ರಾಟೊ ಕೆಲಸ. ಆದರೂ ಹಳೆಯ ಹೆಸರೇ ಉಳಿದುಬಂದಿದೆ.

ಇದರ ಒಳಗಿರುವುದು ಒಂದು ತಕ್ಕಡಿ. ಆರು ಉಕ್ಕಿನ ತಂತಿಗಳು ಕುದುರೆಯನ್ನು ಒಂದು ಕಡೆ ಎಳೆಯುತ್ತವೆ. ಸಾಮಾನ್ಯ ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ ತೂಕಕ್ಕೆ ಸಮ. ಗಿಟಾರಿನ ಬೆನ್ನಿನ ಗುಳಿಯಲ್ಲಿ ಅಡಗಿರುವ ಮೂರರಿಂದ ಐದು ಸ್ಪ್ರಿಂಗುಗಳು ಅದನ್ನು ಇನ್ನೊಂದು ಕಡೆ ಎಳೆಯುತ್ತವೆ. ಎರಡೂ ಸಮನಾದಾಗ ಕುದುರೆ ನಿಲ್ಲುತ್ತದೆ. ಕಡ್ಡಿ ಒತ್ತಿದರೆ ತಂತಿಗಳು ಸಡಿಲಗೊಂಡು ಸ್ವರ ಇಳಿಯುತ್ತದೆ. ಕೈಬಿಟ್ಟರೆ ಸ್ಪ್ರಿಂಗುಗಳು ಕುದುರೆಯನ್ನು ಹಿಂದಕ್ಕೆ ಸೆಳೆದು ಸಮತೋಲಕ್ಕೆ ತರುತ್ತವೆ. ಒಂದು ತಂತಿಯ ಬಿರಡೆ ಬಿಗಿದರೆ ಉಳಿದ ಐದರ ಶ್ರುತಿ ಅಷ್ಟಿಷ್ಟು ಇಳಿಯುವುದೂ, ತಂತಿಯೊಂದು ತುಂಡಾದರೆ ಮಿಕ್ಕವು ಒಮ್ಮೆಲೇ ಏರುವುದೂ ಈ ತಕ್ಕಡಿಯ ಗುಣವೇ.

ದೂರು ಕೇಳಿದೊಡನೆ ಎಲ್ಲರೂ ಬೆರಳು ತೋರಿಸುವುದು ಸ್ಪ್ರಿಂಗಿನ ಕಡೆಗೆ. ಆದರೆ ಉಕ್ಕಿನ ಸ್ಪ್ರಿಂಗು ಮಿತಿಯೊಳಗೆ ಎಳೆದು ಬಿಟ್ಟಷ್ಟು ಸಲವೂ ಮೊದಲಿನ ಉದ್ದಕ್ಕೇ ಮರಳುವ ನಿಷ್ಠಾವಂತ. ಕಳ್ಳ ಬೇರೆ ಕಡೆ ಇದ್ದಾನೆ. ಅವನನ್ನು ಹಿಡಿಯಲು ಸ್ವಲ್ಪ ಲೆಕ್ಕ ಬೇಕು.

ತಂತಿಯ ಕಂಪನದ ಆವೃತ್ತಿ ಅದರ ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಅಂದರೆ ಎಳೆತ ಶೇಕಡ 1ರಷ್ಟು ಬದಲಾದರೆ ಆವೃತ್ತಿ ಶೇಕಡ ಅರ್ಧದಷ್ಟು ಬದಲಾಗುತ್ತದೆ. ಹಾರ್ಮೋನಿಯಮ್ಮಿನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರ ಸುಮಾರು ಶೇಕಡ 6. ಅದರ ಹನ್ನೆರಡನೆಯ ಒಂದು ಪಾಲು ಅಷ್ಟೇನೂ ದೊಡ್ಡದಲ್ಲ ಎನಿಸಬಹುದು. ಆದರೆ 330 ಹರ್ಟ್ಸಿನ ಮೊದಲ ತಂತಿ ಇಷ್ಟು ತಪ್ಪಿದರೆ, ಸರಿಯಾದ ಸ್ವರದೊಡನೆ ನುಡಿಸಿದಾಗ ಸೆಕೆಂಡಿಗೆ ಒಂದೂವರೆ ಸಲಕ್ಕೂ ಹೆಚ್ಚು ನಾದ ಎದ್ದು ಬೀಳುತ್ತದೆ. ಶ್ರುತಿಜ್ಞಾನವಿರುವ ಯಾವ ಕಿವಿಯೂ ಅದನ್ನು ಸಹಿಸದು.

ಎಳೆತ ಶೇಕಡ 1ರಷ್ಟು ಬದಲಾಗಲು ತಂತಿ ಎಷ್ಟು ಜಾರಬೇಕು? ಸ್ಟ್ರಾಟೊಕ್ಯಾಸ್ಟರಿನಲ್ಲಿ ನುಡಿಯುವ ತಂತಿಯ ಉದ್ದ 648 ಮಿಲಿಮೀಟರ್. ಕಾಲು ಮಿಲಿಮೀಟರ್ ದಪ್ಪದ ಮೊದಲ ತಂತಿ ಶ್ರುತಿಗೆ ಬರುವಾಗ ಈ ಉದ್ದದಲ್ಲಿ ಸುಮಾರು 4.6 ಮಿಲಿಮೀಟರ್ ಹಿಗ್ಗಿರುತ್ತದೆ. ಅದರ ಶೇಕಡ 1 ಎಂದರೆ 0.046 ಮಿಲಿಮೀಟರ್, ಒಂದು ತೆಳ್ಳನೆಯ ಕೂದಲಿನ ದಪ್ಪ. ಮೂರನೆಯ ತಂತಿ ಇನ್ನೂ ದಪ್ಪ. ದಪ್ಪವಿದ್ದಷ್ಟು ಗಟ್ಟಿ ಎಂದುಕೊಂಡರೆ ಇಲ್ಲಿ ಮೋಸ ಹೋಗಬೇಕಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಎಳೆತಕ್ಕೆ ಅದು ಹಿಗ್ಗುವುದು ಬರೀ 1.6 ಮಿಲಿಮೀಟರ್. ಆದ್ದರಿಂದ ಅದೇ ಕೂದಲಿನಷ್ಟು ಜಾರಿದರೂ ಅದರ ಶ್ರುತಿ ಮೊದಲ ತಂತಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕೆಡುತ್ತದೆ. ಮೂರನೆಯ ತಂತಿಯನ್ನು ವಾದಕರು ಸದಾ ಶಪಿಸುವುದು ಸುಮ್ಮನೆ ಅಲ್ಲ.

ಹಾಗಾದರೆ ತಂತಿ ಜಾರುವುದೆಲ್ಲಿ? ಗಿಟಾರಿನ ಕತ್ತು ಮುಗಿದು ತಲೆ ಆರಂಭವಾಗುವಲ್ಲಿ ಎಲುಬು ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿಯೊಂದಿದೆ. ಅದರ ಆರು ಕಚ್ಚುಗಳಲ್ಲಿ ತಂತಿಗಳು ಹಾಯ್ದು ಬಿರಡೆಗೆ ಹೋಗುತ್ತವೆ. ಇದಕ್ಕೆ ‘ನಟ್’ ಎಂದು ಹೆಸರು; ಬೋಲ್ಟಿನ ಜೊತೆಗಾರ ನಟ್ ಅಲ್ಲ. ಕಡ್ಡಿ ಒತ್ತಿದಾಗ ಕುದುರೆಯ ಕಡೆಯ ತಂತಿ ಸಡಿಲಾಗುತ್ತದೆ. ಬಿರಡೆಯ ಕಡೆಯ ತುಂಡು ಇನ್ನೂ ಬಿಗಿಯಾಗಿರುವುದರಿಂದ ಅದು ತಂತಿಯನ್ನು ಕಚ್ಚಿನ ಮೂಲಕ ತನ್ನತ್ತ ಕೊಂಚ ಎಳೆದುಕೊಳ್ಳುತ್ತದೆ. ಕಡ್ಡಿ ಬಿಟ್ಟಾಗ ತಂತಿ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಕಚ್ಚಿನ ಘರ್ಷಣೆ ಅದನ್ನು ಪೂರ್ತಿ ಬರಲು ಬಿಡುವುದಿಲ್ಲ. ನುಡಿಯುವ ಭಾಗದಲ್ಲಿ ತಂತಿ ಕೂದಲೆಳೆಯಷ್ಟು ಕಡಿಮೆಯಾಯಿತು, ಎಳೆತ ಹೆಚ್ಚಿತು, ಸ್ವರ ಮೇಲಕ್ಕೆ ನಿಂತಿತು. ಕಡ್ಡಿಯನ್ನು ಮೇಲಕ್ಕೆತ್ತಿ ಬಿಟ್ಟರೆ ಇದೇ ತಪ್ಪು ತಿರುವುಮುರುವಾಗಿ, ಸ್ವರ ಕೆಳಗೆ ನಿಲ್ಲುತ್ತದೆ.

ಕಳ್ಳನ ಗುರುತು ಹಿಡಿಯುವುದು ಸುಲಭ. ಬಿರಡೆ ತಿರುಗಿಸುವಾಗ ಶ್ರುತಿ ನಯವಾಗಿ ಏರದೆ ‘ಟಿಂಗ್’ ಎಂದು ಜಿಗಿದರೆ ಕಚ್ಚು ತಂತಿಯನ್ನು ಹಿಡಿದಿದೆ ಎಂದೇ ಅರ್ಥ. ಕಡ್ಡಿ ಒತ್ತಿ ಬಿಟ್ಟು ಸ್ವರ ಏರಿ ನಿಂತಾಗ ಕಡ್ಡಿಯನ್ನು ಒಮ್ಮೆ ಮೆಲ್ಲನೆ ಮೇಲೆತ್ತಿ ಬಿಡಿ. ಶ್ರುತಿ ಮರಳಿದರೆ ತಪ್ಪು ಘರ್ಷಣೆಯದೇ. ಬದಲಿಗೆ ಸ್ವರ ಪ್ರತಿ ಸಲವೂ ಇಳಿಯುತ್ತ ಹೋದರೆ ಬಿರಡೆಯ ಕಂಬಕ್ಕೆ ಸುತ್ತಿದ ತಂತಿಯನ್ನು ನೋಡಬೇಕು. ಹತ್ತಾರು ಸುತ್ತು ಸುತ್ತಿದ ತಂತಿ ಪ್ರತಿ ಒತ್ತಿಗೂ ಸಡಿಲಗೊಳ್ಳುತ್ತದೆ. ಎರಡು ಮೂರು ಬಿಗಿಯಾದ ಸುತ್ತು ಸಾಕು. ಹೊಸ ತಂತಿಯನ್ನು ಕೈಯಿಂದ ಎಳೆದೆಳೆದು ಪಳಗಿಸದಿದ್ದರೂ ಇದೇ ಗತಿ. ಮೂರನೆಯ ಜಾಗ ಕುದುರೆ ಆತುಕೊಂಡು ತೂಗುವ ಸ್ಕ್ರೂಗಳು. ಅಲ್ಲಿನ ಅಂಚು ಸವೆದು ಮೊಂಡಾದರೆ ತಕ್ಕಡಿ ಸರಿಯಾಗಿ ತೂಗದು.

ಘರ್ಷಣೆಯನ್ನು ಗೆಲ್ಲಲು ಎರಡೇ ದಾರಿ. ತಂತಿ ಸಲೀಸಾಗಿ ಜಾರಿ ಸಲೀಸಾಗಿ ಮರಳುವಂತೆ ಮಾಡುವುದು ಒಂದು. ಜಾರಲೇಬಾರದು ಎಂದು ಕಟ್ಟಿಹಾಕುವುದು ಇನ್ನೊಂದು.

ಎರಡನೆಯ ದಾರಿ ಹಿಡಿದವನು ಅಮೆರಿಕದ ಫ್ಲಾಯ್ಡ್ ರೋಸ್. ರಾಕ್ ವಾದಕನಾದ ಆತನಿಗೆ ಆಭರಣ ಮಾಡುವ ಕೈಕಸುಬೂ ಗೊತ್ತಿತ್ತು. ತಂತಿಗಳನ್ನು ನಟ್ಟಿನ ಬಳಿ ಸ್ಕ್ರೂಗಳಿಂದ ಅದುಮಿ ಹಿಡಿಯುವ, ಕುದುರೆಯ ಕಡೆಯಲ್ಲೂ ಕಚ್ಚಿ ಹಿಡಿಯುವ ಸಾಧನಕ್ಕೆ 1979ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಎರಡೂ ಕೊನೆ ಬಂಧಿಯಾದ ಮೇಲೆ ತಂತಿ ಜೋತುಬೀಳುವವರೆಗೂ ಕಡ್ಡಿ ಒತ್ತಬಹುದು. ಬಿಟ್ಟರೆ ಶ್ರುತಿ ಹಾಗೇ ಮರಳುತ್ತದೆ. ಎಡ್ಡಿ ವ್ಯಾನ್ ಹೇಲನ್ ಅದನ್ನು ಮೊದಮೊದಲು ಬಳಸಿದವರಲ್ಲಿ ಒಬ್ಬ. ನಟ್ಟಿಗೆ ಬೀಗ ಹಾಕಿದ ಮೇಲೆ ಬಿರಡೆಗಳು ನಿರುಪಯೋಗಿ. ಅದಕ್ಕೆಂದು 1980ರ ದಶಕದ ಆರಂಭದಲ್ಲಿ ಕುದುರೆಯ ಮೇಲೆಯೇ ಸಣ್ಣ ತಿರುಪುಗಳು ಬಂದವು. ನಮ್ಮ ತಂಬೂರಿಯಲ್ಲಿ ಕುದುರೆಯ ಕೆಳಗೆ ಸರಿಸುವ ಮಣಿಗಳ ಕೆಲಸವೂ ಇದೇ.

ಈ ಬೀಗಕ್ಕೂ ಬೆಲೆ ತೆರಬೇಕು. ಕಛೇರಿಯ ನಡುವೆ ಒಂದು ತಂತಿ ತುಂಡಾದರೆ ಮಿಕ್ಕ ಐದೂ ಏರಿಹೋಗುತ್ತವೆ. ಸಣ್ಣ ತಿರುಪುಗಳು ಅಷ್ಟು ವ್ಯತ್ಯಾಸವನ್ನು ತುಂಬಲಾರವು. ಅಲೆನ್ ಕೀ ಹುಡುಕಿ ಬೀಗ ಬಿಚ್ಚುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಎರಿಕ್ ಕ್ಲ್ಯಾಪ್ಟನ್ ಈ ರಗಳೆಯೇ ಬೇಡವೆಂದು ತನ್ನ ಸ್ಟ್ರಾಟೊಕ್ಯಾಸ್ಟರಿನ ಬೆನ್ನಿನ ಗುಳಿಯಲ್ಲಿ ಮರದ ತುಂಡು ಸಿಕ್ಕಿಸಿ ಕುದುರೆ ಅಲುಗದಂತೆ ಮಾಡಿಕೊಂಡ. ಜೆಫ್ ಬೆಕ್ ಹಿಡಿದದ್ದು ಮೊದಲನೆಯ ದಾರಿ. ಅವನ ಹೆಸರಿನ ಗಿಟಾರ್ ಮಾದರಿಯಲ್ಲಿ ನಟ್ಟಿನ ಕಚ್ಚಿಗೆ ಬದಲು ಪುಟ್ಟ ಉರುಳೆಗಳಿದ್ದವು. ‘ವೇರ್ ವರ್ ಯೂ’ ಎಂಬ 1989ರ ಕೃತಿಯಲ್ಲಿ ಅವನು ಕಡ್ಡಿಯಿಂದಲೇ ಒಂದು ಸ್ವರದಿಂದ ಇನ್ನೊಂದಕ್ಕೆ ಹಾಡುಗಾರನಂತೆ ಸಾಗುತ್ತಾನೆ. ಬಾಂಬಿನ ಸದ್ದು ಮಾಡಿದ ಕಡ್ಡಿ ಅಲ್ಲಿ ಕಂಠವಾಗಿದೆ.

ಹಳೆಯ ಗಿಟಾರನ್ನು ಕಡಿಮೆ ಬೆಲೆಗೆ ಕೊಂಡ ಹುಡುಗನೊಬ್ಬ ಶ್ರುತಿ ನಿಲ್ಲುತ್ತಿಲ್ಲವೆಂದು ಹೊಸ ಕುದುರೆ, ಹೊಸ ಬಿರಡೆ, ಹೊಸ ಸ್ಪ್ರಿಂಗಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಇಷ್ಟು ಮಾಡಿ ನೋಡಬಹುದು. ತಂತಿಯನ್ನು ಸಡಿಲಿಸಿ ಕಚ್ಚಿನಿಂದ ಪಕ್ಕಕ್ಕೆ ಸರಿಸಬೇಕು. ಮೆತ್ತನೆಯ ಪೆನ್ಸಿಲನ್ನು ಚೂಪು ಮಾಡಿ ಕಚ್ಚಿನೊಳಗೆ ನಾಲ್ಕಾರು ಸಲ ಉಜ್ಜಬೇಕು. ಪೆನ್ಸಿಲಿನ ಕಡ್ಡಿಯಲ್ಲಿರುವುದು ಗ್ರಾಫೈಟ್. ಅದರ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಕಾಗದದ ಮೇಲೆ ಅಕ್ಷರ ಮೂಡುವುದೂ ಅದರಿಂದಲೇ. ಕಚ್ಚು ತಂತಿಗಿಂತ ಕಿರಿದಾಗಿದ್ದರೆ ಮಾತ್ರ ಪೆನ್ಸಿಲಿನಿಂದ ಆಗದು. ಬಲ್ಲವರ ಕೈಯಲ್ಲಿ ಅರದಿಂದ ಸರಿಮಾಡಿಸಬೇಕು. ಬಹಳಷ್ಟು ಗಿಟಾರುಗಳ ಕಾಯಿಲೆ ಇಷ್ಟರಲ್ಲೇ ವಾಸಿಯಾಗುತ್ತದೆ. 45 ಕಿಲೋ ಎಳೆತವನ್ನು ತಾಳುವ ಉಕ್ಕಿನ ಯಂತ್ರವನ್ನು ದಾರಿಗೆ ತರಲು ಎಷ್ಟೋ ಸಲ ಬೇಕಾಗುವುದು ಶಾಲೆಯ ಚೀಲದಲ್ಲಿರುವ ಒಂದು ಪೆನ್ಸಿಲ್ ಮಾತ್ರ.