ತಟ್ಟೆಗೆ ಅಂಕ, ಬೆವರಿಗೆ ಚೌಕಾಸಿ

2023ರ ಡಿಸೆಂಬರ್‌ನಲ್ಲಿ ಮಂಗಳೂರಿನ ಯುವಕ ಮುಹಮ್ಮದ್ ಆಶಿಕ್ ‘ಮಾಸ್ಟರ್ ಶೆಫ್ ಇಂಡಿಯಾ’ದ ಎಂಟನೇ ಆವೃತ್ತಿಯನ್ನು ಗೆದ್ದಾಗ ಇಡೀ ಕರಾವಳಿಯೇ ಸಂತೋಷಪಟ್ಟಿತು. ಜ್ಯೂಸ್ ಅಂಗಡಿ ನಡೆಸುತ್ತಿದ್ದ ಹುಡುಗ, ಹಿಂದಿನ ಬಾರಿ ಅವಕಾಶ ಕೈತಪ್ಪಿದರೂ ಎದೆಗುಂದದೆ ಮತ್ತೆ ಹೋಗಿ ಗೆದ್ದ. ಆ ಗೆಲುವಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರಿರುವುದು ಇಂಥ ಸ್ಪರ್ಧೆಗಳು ನಮ್ಮ ಕೈಗೆ ಕೊಟ್ಟಿರುವ ಅಳತೆಗೋಲಿನ ಬಗ್ಗೆ.

2010ರಲ್ಲಿ ಆರಂಭವಾದ ಮಾಸ್ಟರ್ ಶೆಫ್ ಇಂಡಿಯಾ ಮನೆಯಲ್ಲಿ ಅಡುಗೆ ಮಾಡುವವರ ಸ್ಪರ್ಧೆ. ವೃತ್ತಿಪರರ ಸ್ಪರ್ಧೆಗಳು ಬೇರೆಯೇ ಇವೆ. ಜಪಾನಿನಲ್ಲಿ 1993ರಲ್ಲೇ ‘ಐರನ್ ಶೆಫ್’ ಶುರುವಾಯಿತು. 2006ರಲ್ಲಿ ಅಮೆರಿಕದಲ್ಲಿ ‘ಟಾಪ್ ಶೆಫ್’ ಬಂತು. 2008ರಲ್ಲಿ ಬ್ರಿಟನ್ನಿನ ಮಾಸ್ಟರ್ ಶೆಫ್ ಕೂಡ ವೃತ್ತಿಪರರಿಗಾಗಿ ಪ್ರತ್ಯೇಕ ಸ್ಪರ್ಧೆ ತೆರೆಯಿತು. ಗೋಡೆಯಲ್ಲಿ ಗಡಿಯಾರ, ಮುಂದೆ ಕ್ಯಾಮರಾ, ಕೊನೆಗೆ ಚಿತ್ರ ಬಿಡಿಸಿದಂತೆ ಅಲಂಕರಿಸಿದ ಒಂದು ತಟ್ಟೆ. ನಮ್ಮ ಊರಿನ ಅಡುಗೆಯವರೂ ಇಂಥ ವೇದಿಕೆ ಹತ್ತಲಿ ಎಂದು ಹೇಳುವವರಿದ್ದಾರೆ. ಹತ್ತಲಿ. ಆದರೆ ಅಲ್ಲಿ ಪರೀಕ್ಷೆಗೊಳಗಾಗುವುದು ಅವರ ಕಸುಬು ಹೌದೇ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮದುವೆ ಮನೆಯ ಹಿಂಬದಿಗೆ ಒಮ್ಮೆ ಹೋಗಿ ನೋಡಿ. ಕೋಟ, ಸಾಲಿಗ್ರಾಮದ ಕಡೆಯ ಅಡುಗೆ ಭಟ್ಟರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಎಲೆ?’ ಎಂದು. ಗಂಗೊಳ್ಳಿ, ಶಿರೂರಿನಲ್ಲಿ ವಲೀಮಾದ ಬಿರಿಯಾನಿಗೆ ಬರುವವರು ‘ಎಷ್ಟು ಕೆ.ಜಿ. ಅಕ್ಕಿ?’ ಎಂದು ಕೇಳುತ್ತಾರೆ. ಅಷ್ಟು ಕೇಳಿದರೆ ಸಾಕು. ಉಪ್ಪು ಎಷ್ಟು, ತೆಂಗಿನಕಾಯಿ ಎಷ್ಟು, ಒಲೆಗೆ ಬೆಂಕಿ ಯಾವ ಹೊತ್ತಿಗೆ ಎಂಬ ಲೆಕ್ಕವೆಲ್ಲ ಅವರ ತಲೆಯೊಳಗೇ ಆಗುತ್ತದೆ. ಮುಚ್ಚಳದ ಮೇಲೆ ಕೆಂಡ ಹರಡಿದ ಮೇಲೆ ಮತ್ತೆ ತೆರೆದು ರುಚಿ ನೋಡುವಂತಿಲ್ಲ. ಸಾವಿರ ಮಂದಿಗೆ ಅನ್ನ ಸಾಲದೆ ಹೋಗಬಾರದು, ಉಳಿದು ಹಳಸಲೂಬಾರದು. ಮೊದಲ ಪಂಕ್ತಿಗೆ ಸಿಕ್ಕ ರುಚಿ ಕೊನೆಯ ಪಂಕ್ತಿಗೂ ಸಿಗಬೇಕು. ಈ ವಿದ್ಯೆಗೆ ಅಂಕ ಕೊಡುವ ಟಿ.ವಿ. ಸ್ಪರ್ಧೆಯನ್ನು ನಾನು ಕಂಡಿಲ್ಲ.

ನಿಜವಾದ ಸ್ಪರ್ಧೆ ಹೇಗಿರುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ಕೋಟದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಯಜ್ಞನಾರಾಯಣ ಮಯ್ಯರು ಮತ್ತು ಸಹೋದರರು 1924ರಲ್ಲಿ ತೆರೆದ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರು ಎಂಬುದು ಪ್ರಸಿದ್ಧ. ಅಂದು ಎದುರಿಗಿದ್ದದ್ದು ಕ್ಯಾಮರಾ ಅಲ್ಲ, ಹಸಿದ ಗಿರಾಕಿ. ಇಂದು ದೇಶವೆಲ್ಲ ತಿನ್ನುವ ಕೋಳಿ ಘೀ ರೋಸ್ಟ್‌ನ ತವರು ಕುಂದಾಪುರ. ಅದನ್ನು ಜನಪ್ರಿಯಗೊಳಿಸಿದ್ದು ಊಟದ ಹೋಟೆಲ್ಲು, ಯಾವ ಸ್ಪರ್ಧೆಯೂ ಅಲ್ಲ. ಹಾಗಿದ್ದರೂ ಅದಕ್ಕಾಗಿ ಬಾಣಲೆಯ ಮುಂದೆ ನಿಂತು ಮಸಾಲೆ ಹುರಿದ ಕೈಗಳ ಹೆಸರು ನಮಗೆಷ್ಟು ಗೊತ್ತು?

ಇನ್ನೊಂದು ವಿಷಯ. ಅಮೆರಿಕದ ಮಾಸ್ಟರ್ ಶೆಫ್‌ನಲ್ಲಿ ತೀರ್ಪುಗಾರರು ಅಡುಗೆಯನ್ನು ತಟ್ಟೆ ಸಮೇತ ಕಸದ ಬುಟ್ಟಿಗೆ ಎಸೆದದ್ದನ್ನು ಜಗತ್ತು ಮನರಂಜನೆಯೆಂದು ನೋಡಿತು. ಪ್ರವಾದಿ ಮುಹಮ್ಮದ್(ಸ)ರು ಯಾವ ಆಹಾರವನ್ನೂ ಎಂದೂ ದೂಷಿಸಿದವರಲ್ಲ; ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು ಎಂದು ಹದೀಸ್‌ಗಳು ತಿಳಿಸುತ್ತವೆ. ಅಡುಗೆಯ ತಪ್ಪನ್ನು ತಿದ್ದಬಾರದು ಎಂದು ಇದರ ಅರ್ಥವಲ್ಲ. ತಿದ್ದುವುದು ಬೇರೆ, ಅನ್ನವನ್ನೂ ಅದನ್ನು ಬೇಯಿಸಿದವನನ್ನೂ ನಾಲ್ಕು ಜನರೆದುರು ಅವಮಾನಿಸುವುದು ಬೇರೆ. ಅನ್ನವನ್ನು ದೇವರೆಂದು ಕರೆಯುವ ನಾಡು ಕೂಡ ಇದನ್ನು ಚಪ್ಪಾಳೆ ತಟ್ಟಿ ನೋಡುತ್ತಿದೆ.

ಆದರೆ ಟಿ.ವಿ.ಯನ್ನು ಬೈದು ಕೈತೊಳೆದುಕೊಳ್ಳುವ ಹಕ್ಕು ನಮಗಿದೆಯೇ? ಸಭಾಂಗಣಕ್ಕೆ, ದೀಪಾಲಂಕಾರಕ್ಕೆ, ವಿಡಿಯೋಗೆ ಕೇಳಿದಷ್ಟು ಕೊಡುವವರು ಅಡುಗೆಯವರ ಕೂಲಿಗೆ ಬಂದಾಗ ಚೌಕಾಸಿಗೆ ಕೂರುತ್ತೇವೆ. ರಾತ್ರಿಯಿಡೀ ಹೊಗೆ ಕುಡಿದವರು ಎಲ್ಲರ ಊಟ ಮುಗಿದ ಮೇಲೆ ಪಾತ್ರೆಗಳ ನಡುವೆ ನಿಂತುಕೊಂಡೇ ಉಣ್ಣುತ್ತಾರೆ. ಸೇವಕನು ಊಟ ತಂದಾಗ ಅವನನ್ನೂ ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಿ, ಅದರ ಬೆಂಕಿಯ ಕಾವನ್ನು ಸಹಿಸಿದವನು ಅವನು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ವೇದಿಕೆಯಲ್ಲಿ ಈ ಹದೀಸನ್ನು ಕೇಳಿ ತಲೆದೂಗುವ ನಾವು ನಮ್ಮದೇ ವಲೀಮಾದಲ್ಲಿ ಅದನ್ನು ಮರೆಯುತ್ತೇವೆ.

ಮದುವೆಯ ಹಂಗಾಮು ಮುಗಿದರೆ, ಮಳೆ ಹಿಡಿದರೆ ಈ ಜನರಿಗೆ ಕೆಲಸ ಕಡಿಮೆ. ಕೈ ಸುಟ್ಟರೆ, ಬೆನ್ನು ಬಗ್ಗಿದರೆ ಕೇಳುವವರಿಲ್ಲ. ಇಂಥ ಕಸುಬನ್ನು ಮಗನಿಗೆ ಕಲಿಸಲು ಯಾವ ತಂದೆ ಮುಂದೆ ಬರುತ್ತಾನೆ? ಬ್ರಹ್ಮಾವರದಿಂದ ಕೂಗಳತೆಯಲ್ಲೆಂಬಂತಿರುವ ಮಣಿಪಾಲದಲ್ಲಿ ದೊಡ್ಡ ಹೋಟೆಲ್ ಕಾಲೇಜಿದೆ. ಮಾಸ್ಟರ್ ಶೆಫ್‌ನ ತೀರ್ಪುಗಾರ ವಿಕಾಸ್ ಖನ್ನಾ ಅಲ್ಲಿಯೇ ಓದಿದವರು. ಹಳೆಯ ಪಾತ್ರೆ ಪಗಡಿಗಳಿಗಾಗಿ ಅಲ್ಲೊಂದು ವಸ್ತು ಸಂಗ್ರಹಾಲಯವೂ ಇದೆ. ಒಳ್ಳೆಯದೇ. ಆದರೆ ಆ ಪಾತ್ರೆಗಳಲ್ಲಿ ಸಟ್ಟುಗ ಆಡಿಸಿದವರ ವಿದ್ಯೆಯನ್ನು ಉಳಿಸುವವರು ಯಾರು?

ಮಾಡಲಾಗದ ಕೆಲಸವೇನೂ ಅಲ್ಲ ಇದು. ಕೂಲಿಯನ್ನು ಮೊದಲೇ ಮಾತಾಡಿ ಅದೇ ದಿನ ಕೊಡೋಣ. ಅಡುಗೆಯವರನ್ನು ಮನೆಯವರ ಪಂಕ್ತಿಯಲ್ಲೇ ಕೂರಿಸೋಣ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಅವರ ಹೆಸರು ಸೇರಿಸಲು ಜಮಾಅತ್‌ಗಳು, ಯುವಕ ಮಂಡಲಗಳು ಒಂದು ಭಾನುವಾರ ಮೀಸಲಿಡಲಿ. ಹೋಟೆಲ್ ಕಾಲೇಜುಗಳು ಅವರನ್ನು ಕರೆಸಿ ವಿದ್ಯಾರ್ಥಿಗಳಿಗೆ ಪಾಠ ಹೇಳಿಸಲಿ.

ಅನಂತರ ನಮ್ಮ ಊರಿನ ಯಾವನಾದರೂ ಅಡುಗೆಯವನು ಟಿ.ವಿ. ಸ್ಪರ್ಧೆಗೆ ಹೋಗಿ ಗೆದ್ದರೆ ಖಂಡಿತ ಹಾರ ಹಾಕೋಣ. ಸೋತು ಬಂದರೂ ಅವನಿಗಾಗಿ ಇಲ್ಲಿ ಗೌರವದ ಕೂಲಿ, ಕೂತು ಉಣ್ಣಲು ಒಂದು ಎಲೆ ಕಾದಿರಬೇಕು. ಮುಂದಿನ ಮದುವೆಯಲ್ಲಿ ಕೈ ತೊಳೆದ ಮೇಲೆ ಹಿಂಬದಿಗೆ ನಾಲ್ಕು ಹೆಜ್ಜೆ ನಡೆದು, ‘ನಿಮ್ಮ ಊಟ ಆಯಿತೇ?’ ಎಂದು ಅವರನ್ನು ಕೇಳಿ ನೋಡಿ.