ಜಯಲಕ್ಷ್ಮೀವಿಲಾಸಕ್ಕೆ ಬೇಕಿರುವುದು ವರ್ಷವರ್ಷದ ಅನುದಾನ

ನಿವೃತ್ತರಿಗೆ ಪಿಂಚಣಿ ಕೊಡಲು ಪರದಾಡುವ ವಿಶ್ವವಿದ್ಯಾಲಯಕ್ಕೆ ಅರಮನೆ ರಿಪೇರಿ ಬೇರೆ ಕೇಡೇ? ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಜಯಲಕ್ಷ್ಮೀವಿಲಾಸಕ್ಕೆ ಸರ್ಕಾರ ಹಣ ಕೊಡಬೇಕೆಂಬ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಕೇಳುವವರ ಸಂಕಟ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಇಷ್ಟು ವರ್ಷ ಈ ಕಟ್ಟಡಕ್ಕೆ ಹಣ ಕೊಡದೆ ಉಳಿಸಿದ್ದರಿಂದ ಯಾವ ಪಿಂಚಣಿದಾರರ ಬಾಕಿ ತೀರಿತು? ಯಾವ ಅತಿಥಿ ಉಪನ್ಯಾಸಕರ ಗೌರವಧನ ಒಂದು ದಿನ ಮುಂಚೆ ಬಂತು? ಪಿಂಚಣಿ, ರಿಪೇರಿ ಎರಡೂ ಸರ್ಕಾರ ಕೊಡಬೇಕಾದ ಬಾಕಿಗಳೇ. ಒಂದನ್ನು ತೋರಿಸಿ ಇನ್ನೊಂದನ್ನು ಮುಂದೂಡುವುದು ಸರ್ಕಾರಕ್ಕೆ ಅನುಕೂಲ, ನಮಗಲ್ಲ.

ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ದಿಬ್ಬದ ಮೇಲೆ 1905ರಲ್ಲಿ ಈ ಮಹಲು ಎದ್ದಿತು. ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ವಾಸಕ್ಕೆಂದು ಕಟ್ಟಿದ್ದು. ಕುವೆಂಪು ಕುಲಪತಿಯಾಗಿದ್ದಾಗ, 1959ರಲ್ಲಿ, ಅದು ವಿಶ್ವವಿದ್ಯಾಲಯದ ಕೈಗೆ ಬಂತು. ಆಮೇಲೆ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಪಿ.ಆರ್. ತಿಪ್ಪೇಸ್ವಾಮಿ, ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯನವರಂಥವರು ಅದನ್ನು ಬೆಳೆಸಿದರು. ತೊಗಲುಗೊಂಬೆಗಳು, ಸೋಮನ ಕುಣಿತದ ಮೊಗಗಳು, ಉಳುವವರ ಸಲಕರಣೆಗಳು ರಾಜಕುಮಾರಿಯ ಹಜಾರಕ್ಕೆ ಬಂದವು. ಈ ನಾಡಿನಲ್ಲಿ ಇಷ್ಟು ಸರಿಯಾದ ಭೂಸುಧಾರಣೆ ಇನ್ನೊಂದು ನಡೆದಿದೆಯೇ ಎಂದು ನನಗೆ ಅನ್ನಿಸುವುದುಂಟು. ಆದ್ದರಿಂದ ಇದನ್ನು ಉಳಿಸಿ ಎನ್ನುವುದು ರಾಜಭಕ್ತಿಯ ಮಾತೆಂದು ಯಾರೂ ತಿಳಿಯಬಾರದು. ಅಲ್ಲಿಟ್ಟಿದ್ದು ದುಡಿಯುವ ಜನರ ಆಸ್ತಿ.

ಇಂಥ ಕಟ್ಟಡಗಳು ವಯಸ್ಸಾಗಿ ಬೀಳುತ್ತವೆ ಎಂಬುದು ಹಬ್ಬಿರುವ ಸುಳ್ಳು. ಅವು ನೀರಿನಿಂದ ಬೀಳುತ್ತವೆ. ತಾರಸಿಯ ಮಳೆನೀರು ಇಳಿಯುವ ಪೈಪಿನ ಬಾಯಿಗೆ ಎಲೆ, ಕಸ ಕಟ್ಟಿಕೊಳ್ಳುತ್ತದೆ. ಯಾರೂ ಹತ್ತಿ ತೆಗೆಯುವುದಿಲ್ಲ. ನಿಂತ ನೀರು ಗಾರೆಯೊಳಗೆ ಇಳಿಯುತ್ತದೆ, ಪ್ಯಾರಾಪೆಟ್ಟಿನ ಬಿರುಕಲ್ಲಿ ಅರಳಿ ಸಸಿ ಬೇರು ಬಿಡುತ್ತದೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ ಮೊದಲು ಕೊಳೆಯುತ್ತದೆ, ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ಬೇಸಿಗೆಯಲ್ಲಿ ಗೆದ್ದಲು ಉಳಿದದ್ದನ್ನು ಮುಗಿಸುತ್ತದೆ. ಇದಕ್ಕೆ ರಿಪೇರಿ ಎಂದು ಬಂದ ಗುತ್ತಿಗೆದಾರ ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಮೆತ್ತಿ ಹೋಗುತ್ತಾನೆ. ಸುಣ್ಣದ ಗೋಡೆ ಉಸಿರಾಡಿ ತೇವವನ್ನು ಹೊರಗೆ ಬಿಡುತ್ತಿತ್ತು, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಮೂರು ಮಳೆಗಾಲ ಕಳೆಯುವುದರೊಳಗೆ ಗಾರೆ ಹೊಪ್ಪಳಿಕೆ ಎದ್ದು ಬೀಳುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ: ಹಳೇ ಕಟ್ಟಡ ಸ್ವಾಮಿ, ಏನು ಮಾಡಿದರೂ ನಿಲ್ಲೋಲ್ಲ.

ದಾನಿಗಳು ಇದ್ದಾರಲ್ಲ ಎನ್ನುವವರೂ ಇದ್ದಾರೆ. ಈ ಶತಮಾನದ ಆರಂಭದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟು ಈ ಮಹಲನ್ನು ಚೆನ್ನಾಗಿಯೇ ಎತ್ತಿ ನಿಲ್ಲಿಸಿತು. ಅದಕ್ಕೆ ಕೃತಜ್ಞರಾಗಿರೋಣ. ಆದರೆ ದಾನಿ ಒಮ್ಮೆ ಕೊಟ್ಟು ಹೋಗುತ್ತಾರೆ. ಪ್ರತಿ ಮುಂಗಾರಿಗೆ ಮುಂಚೆ ತಾರಸಿ ಹತ್ತುವವನಿಗೆ ಕೂಲಿ ಕೊಡುವುದು ಅವರ ಕೆಲಸವಲ್ಲ. ಆ ಕೆಲಸ ಯಾರದೂ ಆಗದೆ ಉಳಿದದ್ದರಿಂದಲೇ ಮಹಲು ಮತ್ತೆ ಸೋರಿತು, ಮತ್ತೆ ಶಿಥಿಲವಾಯಿತು.

ಮೈಸೂರಿಗೆ ಇಂಥ ನಿರ್ಲಕ್ಷ್ಯದ ಬೆಲೆ ಗೊತ್ತಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಬಿತ್ತು. ವಿದ್ಯಾರ್ಥಿನಿಯರನ್ನು ಮುಂಚೆಯೇ ಹೊರಗೆ ಕಳಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. 2025ರ ಜನವರಿಯಲ್ಲಿ ಅದೇ ಕಟ್ಟಡ ಕೆಡಹುವಾಗ ಕಾರ್ಮಿಕನೊಬ್ಬ ಅಡಿಯಲ್ಲಿ ಸಿಕ್ಕಿ ಸತ್ತ. ಬಿದ್ದ ಮೇಲೆ ಹೊಸ ಕಟ್ಟಡಕ್ಕೆ ಕೋಟಿಗಟ್ಟಲೆ ಹಣ ಸಿಕ್ಕಿತು. ನಿಂತಿದ್ದಾಗ ಸಿಗದ ಹಣ ಬಿದ್ದ ಮೇಲೆ ಎಲ್ಲಿಂದ ಬಂತು ಎಂದು ವಿಧಾನಸಭೆಯಲ್ಲಿ ಯಾರಾದರೂ ಕೇಳಬೇಕು. ಖಜಾನೆ ಖಾಲಿ ಎಂಬ ವಾದ ಅಲ್ಲಿಗೆ ಮುಗಿಯುತ್ತದೆ.

ಒಂದೇ ಗಂಟಿನಲ್ಲಿ ದೊಡ್ಡ ಮೊತ್ತ ಘೋಷಿಸಿ, ಮಂತ್ರಿಗಳಿಂದ ಗುದ್ದಲಿ ಪೂಜೆ ಮಾಡಿಸುವುದು ಇನ್ನು ಸಾಕು. ಉನ್ನತ ಶಿಕ್ಷಣ ಇಲಾಖೆಯ ಬಜೆಟ್ಟಿನಲ್ಲಿ ವಿಶ್ವವಿದ್ಯಾಲಯಗಳ ಪಾರಂಪರಿಕ ಕಟ್ಟಡಗಳ ನಿರ್ವಹಣೆಗೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕು, ಅದರಲ್ಲಿ ಪ್ರತಿ ವರ್ಷ ಹಣ ಬರಬೇಕು. ಕಡಿಮೆ ದರ ಕೂಗಿದವನಿಗೇ ಕೆಲಸ ಎಂಬ ಟೆಂಡರ್ ನಿಯಮವನ್ನು ಇಲ್ಲಿ ಕುರುಡಾಗಿ ಹೇರಬಾರದು. ಸುಣ್ಣ ಅರೆದು ಗಾರೆ ಹಾಕಬಲ್ಲ ಕೆಲಸಗಾರರು ಮೈಸೂರು ಸೀಮೆಯಲ್ಲಿ ಈಗಲೂ ಇದ್ದಾರೆ, ಅವರ ಕೂಲಿಗೆ ತಕ್ಕ ದರವನ್ನು ಲೋಕೋಪಯೋಗಿ ಇಲಾಖೆಯ ಪಟ್ಟಿಯಲ್ಲಿ ಸೇರಿಸಬೇಕು. ಖರ್ಚಾದ ಪ್ರತಿ ರೂಪಾಯಿಯ ಲೆಕ್ಕವನ್ನು ಸಿಂಡಿಕೇಟ್ ಸಭೆಯ ಮುಂದಿಟ್ಟು ಬಹಿರಂಗಪಡಿಸಬೇಕು. ಪಿಂಚಣಿ ಬಾಕಿಯ ಹಣವನ್ನು ಇದಕ್ಕೆ ಮುಟ್ಟಬಾರದು, ಅದನ್ನು ಸರ್ಕಾರ ಬೇರೆಯಾಗಿಯೇ ತೀರಿಸಬೇಕು. ಬರುವ ಮುಂಗಾರಿಗೆ ಮುಂಚೆ ಜಯಲಕ್ಷ್ಮೀವಿಲಾಸದ ತಾರಸಿಯ ಕೆಲಸ ಶುರುವಾಗಲಿ, ದೊಡ್ಡ ಯೋಜನೆಯ ಕಡತ ವಿಧಾನಸೌಧದಲ್ಲಿ ಎಷ್ಟು ದಿನ ಬೇಕಾದರೂ ಓಡಾಡಿಕೊಂಡಿರಲಿ.